ಒಂಬತ್ತನೇ ಪ್ರಶ್ನೆಯ ಮೂರನೇ ಉತ್ತರ

ಉಣ್ಣುವುದನ್ನು ಕಲಿಯಲು ಯಾರೂ ಕಾಲೇಜಿಗೆ ಹೋಗುವುದಿಲ್ಲ. ಕಣ್ಣು ತೆರೆಯದ ಕೂಸಿಗೂ ಅದು ಗೊತ್ತಿರುತ್ತದೆ. ಆದರೆ ಉಂಡದ್ದರ ಅರ್ಥವೇನು ಎಂದು ಕಲಿಯಲು ವಿಶ್ವವಿದ್ಯಾಲಯಕ್ಕೆ ಹೋಗಬಹುದು, ಅದಕ್ಕೊಂದು ಪದವಿಯೂ ಉಂಟು, ಆ ಪದವಿಯ ಬೆನ್ನು ಹತ್ತಿದವನಿಗೆ ತನ್ನ ತಾಟಿನ ಊಟ ಮೊದಲಿನ ಹಾಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ರೊಟ್ಟಿ ಬಂದರೆ ಮುರಿದು ತಿನ್ನುತ್ತಿದ್ದೆ. ಈಗ ರೊಟ್ಟಿ ಬಂದರೆ ಅದನ್ನು ನೋಡುತ್ತೇನೆ. ಇದು ಜೋಳದ್ದೇ ಏಕೆ, ಸಜ್ಜೆಯದು ಚಳಿಗಾಲಕ್ಕೇ ಏಕೆ, ಎಳ್ಳು ಯಾವ ಹಬ್ಬಕ್ಕೆ, ಯಾರ ಮನೆಯಲ್ಲಿ. "ರೊಟ್ಟಿ ಆರಾಕತ್ತಾದ, ಅರ್ಥ ಆಮ್ಯಾಲ ಹುಡಕ್ರಿ" ಎಂದು ಹೆಂಡತಿ ಸುವರ್ಣಾ ಗದರುತ್ತಾಳೆ. ಒಂದು ದಿನ ಉತ್ಸಾಹ ತಡೆಯಲಾರದೆ, ಮನೆಯಲ್ಲಿ ಹೆಂಗಸರು ಕೊನೆಗೆ ಉಣ್ಣುವುದೇಕೆ ಎಂದು ಅವಳನ್ನೇ ಕೇಳಿದೆ. "ಹೌದಲ್ಲ! ಹಂಗಾದ್ರ ಇವತ್ತ ನೀವ್ ಬಡಸ್ರಿ, ನಾ ಮೊದಲ ಉಂತೀನಿ" ಎಂದು ನನ್ನ ಮಣೆಯ ಮೇಲೆ ಕೂತೇ ಬಿಟ್ಟಳು. ಆ ದಿನ ಬಡಿಸಿದ್ದಲ್ಲದೆ ಪಾತ್ರೆಯನ್ನೂ ನಾನೇ ತೊಳೆದೆ. ಅಂದಿನಿಂದ ಇಂಥ ಪ್ರಶ್ನೆಗಳನ್ನು ಮಂದಿಯ ಮನೆಯಲ್ಲಿ ಮಾತ್ರ ಕೇಳಬೇಕೆಂದು ನಿಶ್ಚಯಿಸಿದೆ.

ಈ ಉಸಾಬರಿ ನನಗೆ ಹೇಗೆ ಗಂಟುಬಿತ್ತು ಎಂಬುದನ್ನು ಹೇಳಬೇಕು. ನಾನು ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಮಂದಿಯ ಅರ್ಜಿಗಳಿಗೆ ನಂಬರು ಹಾಕಿ ಹಾಕಿ ಕೈ ಸವೆದಿದೆ. ಹಿಂದೆಂದೋ ಅಂಚೆಯ ಮೂಲಕ ಓದಿದ ಎಂ.ಎ. ಒಂದಿತ್ತು. ಯಾದಗಿರಿಯಲ್ಲಿ ವಿಶ್ವವಿದ್ಯಾಲಯದ ಕೇಂದ್ರವಿದೆ, ನೌಕರಿಯಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಬಹುದು ಎಂದು ಯಾರೋ ತಲೆ ಕೆಡಿಸಿದರು. ನನ್ನ ಪಾಲಿಗೆ ಬಂದ ಗೈಡ್ ಮೇಡಂ ನನಗಿಂತ ಹನ್ನೆರಡು ವರ್ಷ ಸಣ್ಣವರು, ಹರಿತವಾದ ಮಾತಿನವರು. ಮೊದಲ ದಿನ "ನಿಮಗ ಖರೇ ಆಸಕ್ತಿ ಯಾವುದರಾಗ ಅದ?" ಎಂದು ಕೇಳಿದರು. ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಬಂದಿದ್ದೆ. ಮೂರು ತಾಸಿನಿಂದ ಕಾಯುತ್ತಿದ್ದೆ. ಬಾಯಿಂದ ಸತ್ಯ ಬಿತ್ತು: "ಊಟದಾಗ್ರಿ ಮೇಡಂ." ನಗುತ್ತಾರೆಂದುಕೊಂಡೆ. ಅವರು ನಗಲಿಲ್ಲ. "ಛಲೋ ವಿಷಯ" ಎಂದು ಕಾಗದದ ಮೇಲೆ ಬರೆದೇ ಬಿಟ್ಟರು: 'ಆಹಾರದ ಸಾಮಾಜಿಕ ಮತ್ತು ಸಾಂಸ್ಕೃತಿಕ ಮಹತ್ವ: ಯಾದಗಿರಿ ಸೀಮೆಯನ್ನು ಅನುಲಕ್ಷಿಸಿ.' ಹೊಟ್ಟೆ ಹಸಿದಾಗ ಆಡಿದ ಒಂದು ಮಾತಿಗೆ ನಾಲ್ಕು ವರ್ಷ ಓದಬೇಕಾದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕಚೇರಿಯಲ್ಲಿ ಸುದ್ದಿ ಹಬ್ಬಿತು. "ಉಂಡಿದ್ದಕ್ಕ ಡಾಕ್ಟರೇಟ್ ಕೊಡೂದಾದ್ರ ನಮ್ಮ ಮಾವಗ ಎಂದೋ ಕೊಡಬೇಕಾಗಿತ್ತು" ಎಂದು ಪಕ್ಕದ ಮೇಜಿನವರು ನಕ್ಕರು. ಸುರಪುರದ ನನ್ನ ಅತ್ತೆ ಮಾತ್ರ ಬಹಳ ಗೌರವದಿಂದ, ಅಳಿಯನ ಓದಿಗೆ ಅನುಕೂಲವಾಗಲೆಂದು, ಮೊದಲು ಎರಡು ಬಡಿಸುತ್ತಿದ್ದ ಕಡೆ ನಾಲ್ಕು ಕಡಬು ಬಡಿಸತೊಡಗಿದರು. ನಮ್ಮ ಅವ್ವ ಎಪ್ಪತ್ತೈದರ ಹೆಣ್ಣುಮಗಳು, ಹೆಚ್ಚು ಮಾತಿಲ್ಲ. ವಿಷಯವನ್ನು ಎರಡು ಸಲ ಕೇಳಿಸಿಕೊಂಡು, "ಉಂಡ್ ಮ್ಯಾಲ ಕೈ ತೊಳಕೋಬೇಕಪ್ಪ. ಕೆದಕಬಾರದು" ಎಂದಷ್ಟೇ ಹೇಳಿದಳು. ಹಿರಿಯರ ಮಾತಿನಲ್ಲಿ ಅನುಭವವಿರುತ್ತದೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಯಾವ ಅನುಭವ ಎಂದು ಕೇಳಲಿಲ್ಲ.

ಮೊದಲ ಕೆಲಸ ಪ್ರಶ್ನಾವಳಿ. ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ 'ಮಾಹಿತಿ ಕೊಟ್ಟವರ ಹೆಸರನ್ನು ಗುಪ್ತವಾಗಿ ಇಡಲಾಗುವುದು' ಎಂದು ಅಚ್ಚು ಹಾಕಿಸಿದ್ದೆ. ಕಚೇರಿಯವನಾದ್ದರಿಂದ ಅಂಥ ಸಾಲುಗಳು ನನಗೆ ಸಲೀಸು. ಮೇಡಂ ಒಂದೊಂದೇ ಓದುತ್ತ ಒಂಬತ್ತನೆಯದಕ್ಕೆ ಬಂದು ನಿಂತರು. 'ನೆರೆಮನೆಯಿಂದ ಬಂದ ಅಡುಗೆಯನ್ನು ಏನು ಮಾಡುತ್ತೀರಿ? (ಅ) ಮನೆಮಂದಿ ತಿನ್ನುತ್ತೇವೆ. (ಆ) ಬೇರೆಯವರಿಗೆ ಕೊಡುತ್ತೇವೆ. (ಇ) ದನಕ್ಕೆ ಹಾಕುತ್ತೇವೆ.'

"ಈ ಮೂರನೇದು ಎಲ್ಲಿಂದ ಬಂತ್ರಿ?"

"ಗೊತ್ತಿಲ್ರಿ ಮೇಡಂ. ಬರೀತಾ ಬರೀತಾ ಬಂತು. ಮೂರು ಇರಬೇಕಲ್ರಿ?"

ಅವರು ಕಾಗದವನ್ನು ಬಿಟ್ಟು ನನ್ನನ್ನು ನೋಡಿದರು. "ಇರ್ಲಿ ಬಿಡ್ರಿ" ಎಂದರು.

ರಜೆಯ ದಿನ ಶೇರ್ ಆಟೋ ಹತ್ತಿ ಗೋಗಿಗೆ ಹೋದೆ. ಊಟದ ಬಗ್ಗೆ ನಮ್ಮ ಸೀಮೆಯಲ್ಲಿ ಮಾಹಿತಿ ಕಲೆಹಾಕುವುದು ಎಷ್ಟು ಕಷ್ಟವೆಂದು ಅಲ್ಲಿ ಗೊತ್ತಾಯಿತು. "ಊಟ ಆತ್ರಿ?" ಎಂದು ಕೇಳಿದರೆ ನಮ್ಮವರು "ಆತ್ರಿ" ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಕೇಳಿದರೂ ಆತ್ರಿ, ಒಲೆ ಇನ್ನೂ ಹೊತ್ತಿಸುತ್ತಿರುವಾಗ ಕೇಳಿದರೂ ಆತ್ರಿ. ಅದು ಉತ್ತರವಲ್ಲ, ಮರ್ಯಾದೆ. ಮೊದಲ ಹತ್ತು ಮನೆಗಳ ಉತ್ತರವನ್ನು ನಾನು ಹಾಗೆಯೇ ಬರೆದುಕೊಂಡದ್ದರಿಂದ, ಗೋಗಿಯಲ್ಲಿ ಮಧ್ಯಾಹ್ನದ ಊಟ ಬೆಳಿಗ್ಗೆ ಎಂಟಕ್ಕೇ ಮುಗಿಯುತ್ತದೆ ಎಂಬ ಆಶ್ಚರ್ಯಕರ ಸಂಗತಿ ಹೊರಬಿತ್ತು. ನಿನ್ನೆ ಏನು ಅಡುಗೆ ಎಂದು ಕೇಳಿದ್ದಕ್ಕೆ ಒಬ್ಬ ಮುದುಕಿ ನನ್ನ ಕಾಗದ, ಪೆನ್ನು, ಕನ್ನಡಕ ಮೂರನ್ನೂ ಅನುಮಾನದಿಂದ ನೋಡಿ, "ಯಾಕಪ್ಪಾ, ರೇಷನ್ ಕಾರ್ಡ್ ತಗೀತಾರೇನು?" ಎಂದಳು. ಆ ಮಾತು ನನಗಿಂತ ಮೊದಲು ಓಣಿ ದಾಟಿತು. ಮುಂದಿನ ಮನೆಗಳಲ್ಲೆಲ್ಲ ಬರೀ ರೊಟ್ಟಿ, ಖಾರ. ಒಳಗಿನಿಂದ ಕೋಳಿ ಸಾರಿನ ವಾಸನೆ ಬರುತ್ತಿರುವಾಗಲೂ ರೊಟ್ಟಿ, ಖಾರ. ನಾನು ಮೂಗನ್ನು ನಂಬಲೋ ಕಿವಿಯನ್ನು ನಂಬಲೋ ತಿಳಿಯದೆ ಎರಡನ್ನೂ ಬರೆದುಕೊಂಡೆ.

ಒಂಬತ್ತನೇ ಪ್ರಶ್ನೆಗೆ ಮಾತ್ರ ಎಲ್ಲರದೂ ಒಂದೇ ಉತ್ತರ, ಅದೂ ಥಟ್ಟನೆ. ತಿಂತೀವ್ರಿ. ಹೆಚ್ಚಾದ್ರ ಮಂದಿಗೆ ಕೊಡ್ತೀವ್ರಿ. ಮೂರನೆಯದನ್ನು ಓದಿ ಹೇಳಿದಾಗ ಅದೇ ಮುದುಕಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಮಂದಿ ಮಾಡಿ ಕೊಟ್ಟ ಅಡಿಗೀನ ದನಕ್ಕ ಹಾಕ್ತಾರೇನೋ ತಮ್ಮಾ? ಮಾಡಿದಾಕಿ ಕೈ ಏನ್ ಹೇಳೀತು? ಸಾಲಿ ಕಲ್ತಾಂವ ಇಂಥಾದ್ ಕೇಳಾಕ ಬಂದಿ?" ತೆಲಂಗಾಣದ ಗಡಿಯ ಗುರುಮಠಕಲ್ಲಿನಲ್ಲಿಯೂ ಒಬ್ಬ ಹೆಣ್ಣುಮಗಳಿಂದ ಅದೇ ಬೈಗುಳ, ತೆಲುಗಿನಲ್ಲಿ. ಬೈದು ಮುಗಿಸಿದ ಮೇಲೆ ಆ ಹೆಣ್ಣುಮಗಳು ನನ್ನನ್ನು ಕೂಡಿಸಿ ಅನ್ನ, ಪುಂಟಿಕೂರ ಬಡಿಸಿದಳು. ಅದು ನಮ್ಮ ಹುಳಿಸೊಪ್ಪಿನ ಪುಂಡಿಪಲ್ಲೆಯೇ, ಹೆಸರು ಮತ್ತು ಖಾರ ಮಾತ್ರ ಬೇರೆ. ಹೀಗೆ ಅರವತ್ತು ಮನೆ ಮುಗಿಯಿತು. ಅರವತ್ತು ಕಾಗದದಲ್ಲಿಯೂ ಒಂಬತ್ತನೇ ಪ್ರಶ್ನೆಯ ಮೂರನೇ ಉತ್ತರದ ಮುಂದೆ ಜಾಗ ಖಾಲಿ.

ಇಷ್ಟು ಅಲೆದಾಟದಲ್ಲಿ ನನಗೆ ಒಂದು ರತ್ನ ಸಿಕ್ಕಿತ್ತು. ನಮ್ಮ ಕಡೆ ಒಬ್ಬರ ಮನೆಯಿಂದ ಅಡುಗೆ ತುಂಬಿಕೊಂಡು ಬಂದ ಡಬ್ಬಿಯನ್ನು ಖಾಲಿ ತಿರುಗಿಸಬಾರದು. ತೊಳೆದು, ಒರೆಸಿ, ಏನಾದರೂ ಹಾಕಿಯೇ ಕೊಡಬೇಕು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ. ಡಬ್ಬಿ ಹೀಗೆ ಓಣಿಯಲ್ಲಿ ತಿರುಗುತ್ತಲೇ ಇರುತ್ತದೆ. ಯಾರದು ಎಂಬುದು ಕೂಡ ಕಡೆಗೆ ಮರೆತುಹೋಗಿ, ಮದುವೆಯಲ್ಲಿ ಕೊರೆಸಿದ ಹೆಸರನ್ನು ಓದಿ ಗೊತ್ತುಮಾಡಿಕೊಳ್ಳಬೇಕು. ಇದರ ಮೇಲೆ ಇಡೀ ಒಂದು ಅಧ್ಯಾಯ ಬರೆದೆ. ಬರೆಯುವಾಗ ನನ್ನ ಬಗ್ಗೆಯೇ ನನಗೆ ಗೌರವ ಬಂತು. ಮೇಡಂ ಓದಿ ಕೆಳಗಿಟ್ಟರು.

"ಛಲೋ ಅದ. ಇದರಾಗ ನಿಮ್ಮ ಮನಿ ಎಲ್ಲಿ ಅದ?"

"ನಮ್ಮನೀರಿ? ಶಹಾಪುರದಾಗ, ಬಸ್ ಸ್ಟ್ಯಾಂಡ್ ಹಿಂದ."

"ವಿಳಾಸ ಅಲ್ರಿ. ಅರವತ್ತು ಮನಿ ಡಬ್ಬಿ ತೆರದು ನೋಡೀರಿ. ನಿಮ್ಮನಿ ಡಬ್ಬಿ ನೋಡಿಲ್ಲಲ್ಲ. ಒಂದ್ ತಿಂಗಳು ಮನ್ಯಾಗ ಕೂತು ನೋಡ್ರಿ, ಆಮ್ಯಾಲ ಬರ್ರಿ."

ಕೂತು ನೋಡಿದೆ. ಗಂಡಸು ಅಡುಗೆಮನೆಯ ಹೊಸ್ತಿಲಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಕೂತರೆ ಆ ಮನೆಯ ಹೆಂಗಸಿಗೆ ಎಷ್ಟು ಕಿರಿಕಿರಿಯೆಂದು ಸುವರ್ಣಾ ದಿನಕ್ಕೆರಡು ಸಲ ನನಗೆ ತಿಳಿಸಿದಳು. ಆದರೂ ಬಿಡಲಿಲ್ಲ. ಮೂರು ವಾರದಲ್ಲಿ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಬಲಗಡೆಯ ಮನೆಗೆ ನಮ್ಮ ಪಲ್ಯ ಹೋದರೆ ಅವರ ಸಾರು ಬರುತ್ತಿತ್ತು. ಹಿಂದಿನ ಮನೆಗೆ ಉಂಡಿ ಹೋದರೆ ಅವಲಕ್ಕಿ ಬರುತ್ತಿತ್ತು. ಎದುರಿನ ಶಾಂತಾ ಟೀಚರ್ ಮನೆಗೆ ಏನೇ ಬೇಯಿಸಿದ್ದು ಹೋಗಲಿ, ತಿರುಗಿ ಬರುವುದು ಮಾತ್ರ ಬೇಯಿಸದ್ದು. ಸಕ್ಕರೆ, ಶೇಂಗಾ, ಬೆಲ್ಲ, ನಿಂಬೆಹಣ್ಣು, ಕರಿಬೇವು.

ಶಾಂತಾ ಟೀಚರ್ ನಮ್ಮ ಎದುರು ಮನೆ ಕಟ್ಟಿಸಿಕೊಂಡು ಬಂದು ಹನ್ನೊಂದು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾರೆ. ಬೌದ್ಧರು. ಅವರ ಹಿರಿಯರು ಹೊಲದ ಕೂಲಿ ಮಾಡಿದವರು, ಅವರ ಪಡಸಾಲೆಯಲ್ಲಿ ಈಗ ಬುದ್ಧನ ದೊಡ್ಡ ಪಟವಿದೆ. ಈಗ ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಮಗಳು ಮಗ್ಗಿ ಕಲಿತದ್ದು ಅವರ ಕಟ್ಟೆಯ ಮೇಲೆ. ನನಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ಎರಡು ದಿನ ಸುವರ್ಣಾಳ ಜೊತೆ ಕೂತವರು ಅವರೇ. ಇಷ್ಟು ಹತ್ತಿರದ ಮನೆಯ ಅಡುಗೆಯ ರುಚಿ ನನ್ನ ನಾಲಿಗೆಗೆ ಗೊತ್ತಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಮೋಜಿನ ಸಂಗತಿಯೂ ಕಂಡಿತು. ಅವರು ಕೊಟ್ಟ ಶೇಂಗಾ ಮತ್ತು ಬೆಲ್ಲದಿಂದ ಸುವರ್ಣಾ ಶೇಂಗಾ ಹೋಳಿಗೆ ಮಾಡಿ, ಅದರಲ್ಲಿ ಅರ್ಧವನ್ನು ಅದೇ ಡಬ್ಬಿಯಲ್ಲಿ ಅವರಿಗೇ ಕಳಿಸಿದಳು. ಶೇಂಗಾ ಅವರದು, ಬೆಲ್ಲ ಅವರದು, ಡಬ್ಬಿ ಅವರದು, ಕೈ ಮಾತ್ರ ನಮ್ಮದು.

ಸಂಶೋಧಕನಿಗೆ ವಿಚಿತ್ರ ಕಂಡರೆ ಸಾಲದು, ಕಾರಣ ಹೇಳಬೇಕು. ನಾನು ಎರಡು ದಿನ ಯೋಚಿಸಿ ಹೇಳಿಯೂ ಬಿಟ್ಟೆ. ಟೀಚರ್ ನೌಕರಿ ಮಾಡುವವರು, ಅವರಿಗೆ ಅಡುಗೆಗೆ ಪುರುಸೊತ್ತಿಲ್ಲ, ಆದ್ದರಿಂದ ಕಾಳು ಕಡಿ ಕೊಡುತ್ತಾರೆ. 'ದುಡಿಯುವ ಮಹಿಳೆ ಮತ್ತು ಸಮಯದ ಅಭಾವ' ಎಂದು ಪ್ರಬಂಧ ಬರೆದೆ. ಹತ್ತು ದಿನಕ್ಕೆ ಕೇಂದ್ರದಲ್ಲಿ ಎಲ್ಲರೆದುರು ಅದನ್ನು ಓದುವುದಿತ್ತು, ಅದು ಒಪ್ಪಿಗೆಯಾದರೆ ಮಾತ್ರ ನನ್ನ ನೋಂದಣಿ ಮುಂದುವರಿಯುವುದು. ಸುವರ್ಣಾಳಿಗೆ ಓದಿ ತೋರಿಸಿದೆ. ಅವಳು ಒಗ್ಗರಣೆಯ ಕಡೆಗೇ ಮುಖ ಮಾಡಿಕೊಂಡು, "ಟೀಚರಿಗೆ ಒಂದ್ ಸಲ ತೋರಸ್ರಿ" ಎಂದಳು. ನನ್ನ ಬರವಣಿಗೆಯ ಮೇಲೆ ಅವಳಿಗೆ ಅಭಿಮಾನ ಹುಟ್ಟಿತೆಂದುಕೊಂಡೆ.

ಭಾನುವಾರ ಬೆಳಿಗ್ಗೆ ರಸ್ತೆ ದಾಟಿ ಹೋದೆ. ಟೀಚರ್ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಗೇಟಿನವರೆಗೆ ಬಂದಿತ್ತು. ಅಡುಗೆಮನೆಯಲ್ಲಿ ಬುಟ್ಟಿಯ ತುಂಬ ರೊಟ್ಟಿ, ಪಕ್ಕದಲ್ಲಿ ಪುಂಡಿಪಲ್ಲೆ. ಇಷ್ಟನ್ನು ಕಣ್ಣಾರೆ ನೋಡಿಯೂ ಅವರ ಕೈಗೆ 'ಸಮಯದ ಅಭಾವ'ವನ್ನು ಕೊಟ್ಟೆನಲ್ಲ, ನನ್ನ ಧೈರ್ಯಕ್ಕೆ ಏನು ಹೇಳಬೇಕು! ಅವರು ಕೆಂಪು ಪೆನ್ನು ತಂದು ಕೂತರು. ಮೊದಲ ಪುಟದಲ್ಲಿ ಎರಡು ಒತ್ತಕ್ಷರ ತಿದ್ದಿದರು. ಎರಡನೇ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

"ಸರ, ನನಗ ಅಡಿಗಿಗೆ ಟೈಮಿಲ್ಲಂತ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ. ನಾನ ಕಂಡು ಹಿಡದೆ."

ಅವರಿಗೆ ನಗು ಬಂತು. ಬಂದ ನಗು ನಡುವೆಯೇ ನಿಂತಿತು. "ಇದು ತಪ್ಪು ಅದ ಸರ. ಮಕ್ಕಳು ಹಿಂಗ ಬರದ್ರ ನಾ ಸೊನ್ನಿ ಹಾಕ್ತೀನಿ."

"ಹಂಗಾರ ಸರಿ ಉತ್ತರ ಯಾವುದ್ರಿ?"

"ನಿಮ್ಮನ್ಯಾಗ ಅದ. ಅವ್ವಾರ್ನ ಕೇಳ್ರಿ." ಕಾಗದವನ್ನು ಮಡಚಿ ಕೈಗೆ ಕೊಟ್ಟರು. ಚಹಾ ಕೊಡಲಿಲ್ಲ. ಹನ್ನೊಂದು ವರ್ಷದಲ್ಲಿ ಅವರ ಮನೆಯಲ್ಲಿ ನಾನು ಚಹಾ ಕುಡಿದದ್ದು ಇದೆಯೇ ಎಂದು ರಸ್ತೆ ದಾಟುವಾಗ ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ.

ಅವ್ವ ಒಳಗಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಪುಂಡಿಸೊಪ್ಪು ಸೋಸುತ್ತಿದ್ದಳು. ಸುವರ್ಣಾ ಬಾಗಿಲಲ್ಲಿ ಬಂದು ನಿಂತಳು. ಕೇಳಿದೆ. ಅವ್ವ ಒಂದಷ್ಟು ಎಲೆ ಬಿಡಿಸಿದಳು.

"ಅವರು ಮನಿ ಒಕ್ಕಲಾದ ದಿನ ಶೇಂಗಾ ಹೋಳಿಗಿ ಕಳಿಸಿದ್ರು. ಕೆಂಪು ಮುಚ್ಚಳದ ಡಬ್ಬಿ ತುಂಬ."

"ಏನ್ ಮಾಡಿದಿ?"

"ನಾವು ಆಗ ಅವರ ಕಡೀದು ಉಂತಿದ್ದಿಲ್ಲ."

"ಈಗರ ಎಲ್ಲಿ ಉಂತೀವಿ?" ಎಂದಳು ಸುವರ್ಣಾ ಮೆಲ್ಲಗೆ.

"ಹಂಗಾರ ಆ ಹೋಳಿಗಿ?" ಎಂದೆ. ನನ್ನ ದನಿ ಏರಿತ್ತು. ಈ ಮನೆಯಲ್ಲಿ ಇಂಥದು ನಡೆದಿದೆ, ನನಗೆ ತಿಳಿಸದೆ ನಡೆದಿದೆ ಎಂಬ ಸಿಟ್ಟು. ನಾಲ್ಕು ಪುಸ್ತಕ ಓದಿದ ಸಿಟ್ಟು.

"ಆಕಳಿಗೆ ಹಾಕಿಸಿದೆ."

"ಹಾಕಿಸಿದಿ? ಯಾರ ಕೈಲೆ ಹಾಕಿಸಿದಿ?"

ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. "ಯಾರ ಕೈಲೆ ಅಂದ್ರ? ನಿನ್ನ ಕೈಲೆ."

ಆಮೇಲೆ ನೆನಪು ಬಂತು, ಅದೂ ಅರ್ಧವೇ. ಫೋನು ಕಿವಿಗೆ ಹಚ್ಚಿಕೊಂಡು ಗೇಟಿನ ಕಡೆ ಹೋದದ್ದು ನೆನಪಿದೆ. ಫೋನಿನಲ್ಲಿ ಯಾರೊಡನೆ ಮಾತಾಡುತ್ತಿದ್ದೆ, ಯಾವ ಕಡತದ ಬಗ್ಗೆ, ಅದರ ನಂಬರು ಯಾವುದು, ಎಲ್ಲ ನೆನಪಿದೆ. ಇನ್ನೊಂದು ಕೈಯಲ್ಲಿ ಏನಿತ್ತು ಎಂಬುದು ಮಾತ್ರ ನೆನಪಿಲ್ಲ. ಅವ್ವ ಕೊಟ್ಟಳು, ಹಾಕಿ ಬಾ ಎಂದಳು, ಆಕಳು ಗೇಟಿನಲ್ಲಿ ನಿಂತಿತ್ತು, ಡಬ್ಬಿ ಬೋರಲು ಹಾಕಿ ಬಂದೆ. ಅರವತ್ತು ಮನೆಗೆ ಹೋಗಿ ನಿನ್ನೆ ಏನು ಉಂಡಿರಿ ಎಂದು ಕೇಳಿದ ಮನುಷ್ಯ, ತನ್ನ ಕೈಯಲ್ಲಿರುವುದು ಏನೆಂದು ಅಂದು ಕೇಳಿರಲಿಲ್ಲ.

"ಟೀಚರ್ ಅವರ ಕಟ್ಟಿ ಮ್ಯಾಲ ನಿಂತಿದ್ರು" ಎಂದಳು ಸುವರ್ಣಾ. "ನಿಮ್ಮನ್ನ ನೋಡಿ ಒಳಗ ಹೋದ್ರು. ನಾ ಕಿಟಕ್ಯಾಗಿಂದ ನೋಡೀನಿ."

ಅವ್ವನ ಕೈ ನಿಂತಿತು. "ನೋಡ್ಯಾಳ?" ಎಂದಳು. ಹನ್ನೊಂದು ವರ್ಷ ಅವಳು ಇದನ್ನು ಗುಟ್ಟು ಎಂದು ತಿಳಿದಿದ್ದಳು. "ಖರೇನ ನೋಡ್ಯಾಳೇನು? ಮತ್ತ ನನ್ನ ಮೊಣಕಾಲಿಗೆ ಎಣ್ಣಿ ತಂದು ಕೊಟ್ಟಾಳಲ್ಲ ಆಕಿ, ಹ್ವಾದ ತಿಂಗಳ?"

ನನಗೆ ನಾಚಿಕೆಯಾಯಿತು. ಅವ್ವನ ಮೇಲೆ ಸಿಟ್ಟು ಮಾಡೋಣವೆಂದರೆ ಬರಲಿಲ್ಲ. ಎಲ್ಲವನ್ನೂ ಕಿಟಕಿಯಿಂದ ನೋಡಿ ಸುಮ್ಮನಿದ್ದ ಹೆಂಡತಿಯ ಮೇಲೆ ಮಾಡೋಣವೆಂದರೆ, ಅವಳು ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಉಳಿದವನು ಒಬ್ಬನೇ. ಒಂಬತ್ತನೇ ಪ್ರಶ್ನೆಗೆ ಮೂರನೇ ಉತ್ತರ ಎಲ್ಲಿಂದ ಬಂತು ಎಂದು ಮೇಡಂ ಕೇಳಿದ್ದರಲ್ಲ, ಅದು ಈ ಕೈಯಿಂದಲೇ ಬಂದಿತ್ತು. ನಾನು ಮರೆತದ್ದನ್ನು ಅದು ಮರೆತಿರಲಿಲ್ಲ.

ಅದೇ ಕೆಂಪು ಮುಚ್ಚಳದ ಡಬ್ಬಿ, ಮೊನ್ನೆ ಕರಿಬೇವು ತುಂಬಿಕೊಂಡು ಮತ್ತೆ ಬಂದದ್ದು, ಆಗ ನಮ್ಮ ಮನೆಯಲ್ಲೇ ಇತ್ತು. ಸುವರ್ಣಾ ಅದನ್ನು ತೊಳೆದು, ರೂಢಿಯಂತೆ ಸಕ್ಕರೆಯ ಡಬರಿಗೆ ಕೈ ಹಾಕಿದಳು. ಬೇಡ ಎಂದೆ. ಅಭ್ಯಾಸದಂತೆ ಪ್ರಶ್ನಾವಳಿಯ ಚೀಲ ಹೆಗಲಿಗೆ ಹಾಕಿಕೊಂಡು, ಖಾಲಿ ಡಬ್ಬಿ ಹಿಡಿದು ಹೊರಟೆ. ನನ್ನ ಅಧ್ಯಾಯದ ಪ್ರಕಾರ ಇದು ನಮ್ಮ ಸೀಮೆಯಲ್ಲಿ ಘೋರ ಅವಮಾನ. ಇಪ್ಪತ್ತು ಹೆಜ್ಜೆಯ ರಸ್ತೆ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಕ್ಷಮೆಯ ಮಾತು ಜೋಡಿಸಿಕೊಂಡೆ. ಬಾಗಿಲಲ್ಲಿ ಟೀಚರ್ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು.

"ಖಾಲಿ ತಂದೀರಲ್ರಿ ಸರ?"

"ಟೀಚರ್, ಸದರಿ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಕಡೆಯಿಂದ ಆದ ಲೋಪಕ್ಕೆ..." ಎಂದು ಶುರುಮಾಡಿದೆ. ಇಪ್ಪತ್ತೆರಡು ವರ್ಷ ಕಚೇರಿಯ ಭಾಷೆ ಬರೆದವನಿಗೆ ಅಳು ಬರುವಂತಾದಾಗಲೂ ಬಾಯಿಗೆ ಬರುವುದು ಅದೇ. ಮುಂದೆ ಬರಲಿಲ್ಲ. "ನಾ ಹಾಕೀನ್ರಿ. ನೋಡಲಾರ್ದ ಹಾಕೀನಿ. ತಪ್ಪಾತ್ರಿ" ಎಂದೆ.

ಅವರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ, "ಒಳಗ ಬರ್ರಿ. ಮೊದಲ ಉಣ್ರಿ" ಎಂದರು.

ಉಂಡೆ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೇಲೆ ಮೊಸರು. ಪಲ್ಲೆಗೆ ಬೆಳ್ಳುಳ್ಳಿ ಧಾರಾಳವಾಗಿ ಬಿದ್ದಿತ್ತು, ಅಷ್ಟು ರುಚಿಯಾದ ಪುಂಡಿಪಲ್ಲೆಯನ್ನು ನಾನು ಅರವತ್ತು ಮನೆಯಲ್ಲಿಯೂ ತಿಂದಿರಲಿಲ್ಲ. ಈ ಮಾತನ್ನು ಸುವರ್ಣಾಳ ಎದುರು ಹೇಳಿಲ್ಲ. ಟೀಚರ್ ನನ್ನ ಚೀಲದಿಂದ ಒಂದು ಖಾಲಿ ಪ್ರಶ್ನಾವಳಿ ತೆಗೆದು, ಕೆಂಪು ಪೆನ್ನು ಹಿಡಿದು ಎದುರು ಕೂತರು. ನಾನು ಮಂದಿಗೆ ಕೇಳುವ ಹಾಗೆಯೇ, ಒಂದರಿಂದ ಶುರುಮಾಡಿದರು. ಬಾಯಲ್ಲಿ ತುತ್ತು ಇರುವಾಗ ಇಂಥ ಪ್ರಶ್ನೆಗೆ ಉತ್ತರಿಸುವುದು ಎಷ್ಟು ಮುಜುಗರ ಎಂದು ಗೋಗಿಯ ಮಂದಿಯ ಮೇಲೆ ನನಗೆ ಅನುಕಂಪ ಹುಟ್ಟಿತು. ಒಂಬತ್ತನೆಯದನ್ನು ಅವರು ಮೂರೂ ಉತ್ತರ ಸಮೇತ ನಿಧಾನವಾಗಿ ಓದಿದರು.

"ಆಕಳ ತಿಂದಿದ್ದಕ್ಕ ನನಗ ಸಿಟ್ಟಿಲ್ಲ ಸರ. ಅದಕ್ಕೂ ಬಾಯಿ ಅದ. ನೀವು ಹಾಕೂ ಮುಂದ ಡಬ್ಬಿ ಒಳಗ ನೋಡ್ಲೂ ಇಲ್ಲ. ಅದು ನೋಡ್ರಿ. ಮತ್ತ ಸಂಜಿಕ ಡಬ್ಬಿ ತೊಳದು, ಸಕ್ಕರಿ ಹಾಕಿ, 'ಹೋಳಿಗಿ ಭಾಳ ಛಲೋ ಆಗಿದ್ವು' ಅಂತ ಹೇಳಿ ಕಳಿಸೀರಿ. ನಾನೂ ತಿಳಕೊಂಡೆ. ನಿಮ್ಮನ್ಯಾಗ ನಡೀತಾದ ಅಂದ್ರ ಸಕ್ಕರಿ ನಡೀತಾದ ಅಂತ."

"ಹನ್ನೊಂದು ವರ್ಷ ಒಂದ್ ಮಾತೂ ಆಡಲಿಲ್ಲಲ್ರಿ."

"ಯಾರಿಗ್ ಆಡ್ಲಿ? ನಿಮ್ಮ ಮಗಳಂತೂ ಮಗ್ಗಿ ಹೇಳಾಕ ಬಂದು ದಿನಾ ನಮ್ಮನ್ಯಾಗ ಉಂಡು ಹೋಗ್ತಿದ್ಲು. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಸಂಜೆ ಅವಳಿಗೆ ಹಸಿವಿಲ್ಲವೆಂದು ನಾನು ಟಾನಿಕ್ ತಂದು ಕುಡಿಸುತ್ತಿದ್ದೆ. ಟೀಚರ್ ಪೆನ್ನನ್ನು ನನ್ನ ಕಡೆ ತಿರುಗಿಸಿದರು. "ಗುರುತು ನೀವ ಹಾಕ್ರಿ" ಎಂದರು. ಎಡಗೈಯಿಂದ, ಕೆಂಪು ಶಾಯಿಯಲ್ಲಿ, ಮೂರನೆಯದರ ಮುಂದೆ ಹಾಕಿದೆ.

ಡಬ್ಬಿಯ ತುಂಬ ಶೇಂಗಾ ಹೋಳಿಗೆ ತುಂಬಿ ಕೊಟ್ಟು ಅವರು ಕಟ್ಟೆಯ ಮೇಲೆ ಬಂದು ನಿಂತರು. ರಸ್ತೆಯಲ್ಲಿ ಆಕಳೊಂದು ಮಲಗಿತ್ತು. ಅದೇ ಆಕಳೋ, ಅದರ ಮೊಮ್ಮಗಳೋ, ನನ್ನನ್ನೂ ಡಬ್ಬಿಯನ್ನೂ ನೋಡಿ ಎದ್ದು ನಿಂತಿತು. ಸಂಶೋಧಕನಾದವನು ಸೂಕ್ಷ್ಮವಾಗಿ ಗಮನಿಸಬೇಕು ಎಂದು ಮೇಡಂ ಹೇಳುತ್ತಿದ್ದರು. ಬೇರೆಯವರು ಸೂಕ್ಷ್ಮವಾಗಿ ಗಮನಿಸುತ್ತಿರುವಾಗ ಇಪ್ಪತ್ತು ಹೆಜ್ಜೆ ನಡೆಯುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಡಬ್ಬಿಯನ್ನು ಎದೆಗೆ ಅವಚಿಕೊಂಡು ಆಕಳನ್ನು ಸುತ್ತುಹಾಕಿ ಮನೆ ಸೇರಿದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳು ಆಚೆ ಕಟ್ಟೆಯನ್ನೊಮ್ಮೆ ನೋಡಿದ್ದನ್ನು ನಾನು ನೋಡಿದೆ. ಡಬ್ಬಿ ಇಸಿದುಕೊಂಡು ಒಳಗೆ ಹೋದಳು.

ಸುವರ್ಣಾ ಎರಡು ತಿಂದಳು, ನಾನು ಎರಡು. ಉಳಿದದ್ದನ್ನು ಅವ್ವ ಮುಚ್ಚಿಟ್ಟಳು. ಅವಳು ತಿಂದಳೋ ಇಲ್ಲವೋ ನಾವು ಕೇಳಲಿಲ್ಲ. ಮರುದಿನ ಡಬ್ಬಿ ತೊಳೆದು ತಾನೇ ಸಜ್ಜೆ ರೊಟ್ಟಿ, ಪಲ್ಯ ತುಂಬಿ ನನ್ನ ಕೈಗೆ ಕೊಟ್ಟಳು.

"ಆಕೀಗ ಹೇಳು, ಹೋಳಿಗಿ ಜರಾ ದಪ್ಪ ಆಗ್ಯಾವಂತ."

ದಪ್ಪವೆಂಬುದು ತಿನ್ನದೆ ಕಣ್ಣಿಗೂ ಗೊತ್ತಾಗುತ್ತದೆ. ಇದು ಸಾಕ್ಷ್ಯವಾಗಲಾರದು ಎಂದು ನನ್ನೊಳಗಿನ ಸಂಶೋಧಕ ಎಚ್ಚರಿಸಿದ. ಚಪ್ಪಲಿ ಮೆಟ್ಟುತ್ತ, ಸಹಜವೆಂಬಂತೆ ಕೇಳಿದೆ, "ಸಿಹಿ ಹೆಂಗಿತ್ತಬೇ?"

"ಸಿಹಿ ಬರಾಬ್ಬರಿ ಅದ" ಎಂದಳು ಅವ್ವ. ಆಮೇಲೆ ನನ್ನ ಮುಖ ನೋಡಿ, "ಏನ್ ನೋಡ್ತಿ? ಹೋಗು, ಆರತಾದ" ಎಂದು ಗದರಿದಳು.

'ಸಮಯದ ಅಭಾವ'ವನ್ನು ಹರಿದು ಹಾಕಿದೆ. ಹತ್ತನೇ ದಿನ ಯಾದಗಿರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಓದಿದೆ. ಯಾರೂ ನಗಲಿಲ್ಲ, ನೋಂದಣಿ ಉಳಿಯಿತು. ಕೆಂಪು ಗುರುತಿನ ಕಾಗದವನ್ನು ಅರವತ್ತೊಂದನೆಯದು ಎಂದು ಕೊನೆಗೆ ಸೇರಿಸಿದ್ದೆ. ಮೇಡಂ ಅದನ್ನು ತೆಗೆದು ಎಲ್ಲದರ ಮೇಲಿಟ್ಟು, "ಇದು ಒಂದನೇದು" ಎಂದರು. ಒಂದನೆಯದು ಎಂದು ನಂಬರು ಹಾಕಿದೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹೆಸರಿನ ಜಾಗದಲ್ಲಿ ನನ್ನ ಪೂರ್ತಿ ಹೆಸರು, ವಿಳಾಸ, ಹುದ್ದೆ ಎಲ್ಲ ಟೀಚರ್ ಅವರ ದುಂಡು ಅಕ್ಷರದಲ್ಲಿದೆ. ಮಾಹಿತಿ ಕೊಟ್ಟವರ ಹೆಸರನ್ನು ಗುಪ್ತವಾಗಿ ಇಡಲಾಗುವುದು ಎಂದು ಕೆಳಗೆ ಅಚ್ಚು ಹಾಕಿಸಿದ್ದೆನಲ್ಲ, ಧೈರ್ಯಕ್ಕೆ ಆ ಸಾಲನ್ನು ಹುಡುಕಿದೆ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ, ಸ್ಕೇಲು ಇಟ್ಟು, ಅವರು ಕೆಂಪು ಗೀಟು ಎಳೆದಿದ್ದರು.